ಗೇರ್, ಆಕ್ಸಿಲರೇಟರ್ ಮತ್ತು ಮೈಲೇಜ್: ಬೆಂಗಳೂರು ದಂಡು ಪ್ರದೇಶದ ರಸ್ತೆಗಳಲ್ಲಿ

ಒಂದು ಲೀಟರ್ ಇಂಧನಕ್ಕೆ ವಾಹನ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಲೆಕ್ಕಕ್ಕೆ ಕನ್ನಡದಲ್ಲಿ ಮೈಲೇಜ್ ಎಂಬ ಮಾತು ರೂಢಿಯಾಗಿದೆ. ಮೈಲಿಕಲ್ಲು ಹೋಗಿ ಕಿಲೋಮೀಟರ್ ಕಲ್ಲು ಬಂದು ದಶಕಗಳಾದರೂ ಹೆಸರು ಹಳೆಯದೇ ಉಳಿದಿದೆ. ಸಾರಿಗೆ ನಿಗಮಗಳ ಡಿಪೋಗಳಲ್ಲಿ ಇದನ್ನೇ ಕೆಎಂಪಿಎಲ್ ಎನ್ನುತ್ತಾರೆ. ಎಂಜಿನ್ನಿನ ಗಾತ್ರ, ಗಾಡಿಯ ತೂಕ, ಟೈರಿನ ಗಾಳಿ, ರಸ್ತೆಯ ಏರಿಳಿತ, ಇಂಧನದ ಗುಣ ಎಲ್ಲವೂ ಮೈಲೇಜನ್ನು ಏರಿಸುತ್ತವೆ, ಇಳಿಸುತ್ತವೆ. ಆದರೆ ಗಾಡಿ ಓಡುತ್ತಿರುವಾಗ ಕ್ಷಣಕ್ಷಣಕ್ಕೂ ಚಾಲಕನ ಕೈಕಾಲಿನಲ್ಲಿರುವುದು ಎರಡೇ: ಯಾವ ಗೇರ್, ಎಷ್ಟು ಆಕ್ಸಿಲರೇಟರ್. ಈ ಎರಡನ್ನು ಬೇರೆಬೇರೆಯಾಗಿ ನೋಡಿದವರು ಸಾಮಾನ್ಯವಾಗಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಆಕ್ಸಿಲರೇಟರ್ ಕಡಿಮೆ ಒತ್ತಿದಷ್ಟೂ ಉಳಿತಾಯ ಎಂಬ ನಂಬಿಕೆ ಅಂಥದ್ದು. ಟಾಪ್ ಗೇರ್ ಹಾಕಿಬಿಟ್ಟರೆ ಮೈಲೇಜ್ ತಾನಾಗಿ ಬರುತ್ತದೆ ಎಂಬುದೂ ಅಂಥದ್ದೇ.

ಇಂಧನ ಉಳಿತಾಯದ ಬಗೆಗಿನ ಬಹುಪಾಲು ಬರಹಗಳು ಹೆದ್ದಾರಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಬೆಂಗಳೂರಿನ ಗಾಡಿಗಳು ದಿನನಿತ್ಯ ಪೆಟ್ರೋಲ್ ಸುಡುವ ಜಾಗವೇ ಬೇರೆ. ಆದ್ದರಿಂದ ಇಲ್ಲಿ ಉದಾಹರಣೆಗಳನ್ನು ಕಮರ್ಷಿಯಲ್ ಸ್ಟ್ರೀಟಿನಿಂದ, ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳಿಂದ ಅಲ್ಲಿಗೆ ಬರುವ ರಸ್ತೆಗಳಿಂದ ಆರಿಸಲಾಗಿದೆ.

ರಸ್ತೆಯ ಸ್ವರೂಪ

1809ರ ಹೊತ್ತಿಗೆ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಬಳಿ ನೆಲೆಯೂರಿದಾಗ ದಂಡು ಪ್ರದೇಶ ಬೆಳೆಯತೊಡಗಿತು. ಕವಾಯತಿಗೆ, ಬಂಗಲೆಗಳಿಗೆ ವಿಶಾಲ ಜಾಗ ಸಿಕ್ಕಿತು. ದಂಡಿಗೆ ಸರಕು ಒದಗಿಸುವ ವ್ಯಾಪಾರಿಗಳ ಬೀದಿಗಳು ಒತ್ತೊತ್ತಾಗಿ ಬೆಳೆದವು. ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಬೀದಿ, ಜ್ಯುವೆಲರ್ಸ್ ಸ್ಟ್ರೀಟ್, 1927ರ ರಸೆಲ್ ಮಾರುಕಟ್ಟೆಯ ಸುತ್ತಲ ಓಣಿಗಳು ಎಲ್ಲವೂ ಜಟಕಾ, ಎತ್ತಿನ ಗಾಡಿಗಳ ಅಳತೆಯವು. ಇಂದು ಅವೇ ಓಣಿಗಳಲ್ಲಿ ಕಾರು, ಆಟೊ, ಸ್ಕೂಟರ್, ಸರಕಿನ ಟೆಂಪೊ ಒಟ್ಟಿಗೆ ನುಗ್ಗುತ್ತವೆ. ಮೆಟ್ರೊ ಗುಲಾಬಿ ಮಾರ್ಗದ ಸುರಂಗ ನಿಲ್ದಾಣದ ಕೆಲಸಕ್ಕಾಗಿ 2019ರಿಂದ ಕಾಮರಾಜ್ ರಸ್ತೆಯ ಒಂದು ಭಾಗ ವರ್ಷಗಟ್ಟಲೆ ಮುಚ್ಚಿದ್ದರಿಂದ ಈ ಒತ್ತಡ ಇನ್ನೂ ಹೆಚ್ಚಿತು. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗುತ್ತಿತ್ತು. ಅಂದರೆ ಗಂಟೆಗೆ 20 ಕಿ.ಮೀ.ಗಿಂತ ತುಸು ಹೆಚ್ಚು. ಮೈಲೇಜಿನ ಮಟ್ಟಿಗೆ ಈ ಸರಾಸರಿಗಿಂತ ಮುಖ್ಯವಾದುದು ಅದರೊಳಗೆ ಅಡಗಿರುವ ನಿಲುಗಡೆಗಳ ಎಣಿಕೆ.

ಗಾಳಿಯ ಬಾಗಿಲು

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ನೇರವಾಗಿ ತೆರೆದುಕೊಳ್ಳುವುದು ಗಾಳಿಯ ಬಾಗಿಲು. ಥ್ರಾಟಲ್ ಎಂಬುದು ಎಂಜಿನ್ನಿನ ಉಸಿರಿನ ದಾರಿಯಲ್ಲಿರುವ ಕವಾಟ. ಅದು ಬಿಟ್ಟುಕೊಟ್ಟ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಕಾರ್ಬ್ಯುರೇಟರ್ ಅಥವಾ ಇಂಜೆಕ್ಟರ್ ಬೆರೆಸುತ್ತದೆ. 1 ಕೆ.ಜಿ. ಪೆಟ್ರೋಲಿಗೆ ಹೆಚ್ಚುಕಡಿಮೆ 14.7 ಕೆ.ಜಿ. ಗಾಳಿ ಬೇಕು. ಕವಾಟ ಅರೆಮುಚ್ಚಿದ್ದರೆ ಪಿಸ್ಟನ್ನು ಗಾಳಿಯನ್ನು ಹೆಣಗಿ ಎಳೆದುಕೊಳ್ಳಬೇಕಾಗುತ್ತದೆ. ಸೈಕಲ್ ಪಂಪಿನ ಮೂತಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಮೇಲಕ್ಕೆಳೆದು ನೋಡಿದವರಿಗೆ ಆ ಎಳೆತ ಗೊತ್ತು. ಎಂಜಿನ್ನು ಹುಟ್ಟಿಸಿದ ಶಕ್ತಿಯಲ್ಲಿ ಒಂದು ಪಾಲು ಈ ಎಳೆತಕ್ಕೇ ಹೋಗುತ್ತದೆ. ಇನ್ನೊಂದು ಪಾಲು ಪಿಸ್ಟನ್ ರಿಂಗು, ಬೇರಿಂಗು, ಆಯಿಲ್ ಪಂಪುಗಳ ಘರ್ಷಣೆಗೆ ಸಲ್ಲುತ್ತದೆ; ಆರ್‌ಪಿಎಂ, ಅಂದರೆ ಎಂಜಿನ್ನು ನಿಮಿಷಕ್ಕೆ ತಿರುಗುವ ಸುತ್ತು, ಏರಿದಷ್ಟೂ ಈ ಪಾಲು ಏರುತ್ತದೆ.

ಒಂದು ಲೆಕ್ಕ ನೋಡೋಣ. ಸುಮಾರು 1,000 ಕೆ.ಜಿ. ತೂಗುವ ಸಣ್ಣ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗಲು ಚಕ್ರಗಳಿಗೆ ಬೇಕಾದ ಶಕ್ತಿ ಸುಮಾರು 2 ಕಿಲೋವ್ಯಾಟ್, ಮೂರು ಅಶ್ವಶಕ್ತಿಗಿಂತಲೂ ಕಡಿಮೆ. ಅದೇ ಎಂಜಿನ್ನಿಗೆ 60 ಕಿಲೋವ್ಯಾಟ್ ಕೊಡುವ ತಾಕತ್ತಿರುತ್ತದೆ. ಆನೆಯ ಕೈಯಲ್ಲಿ ಹುಲ್ಲುಕಡ್ಡಿ ಎತ್ತಿಸಿದ ಹಾಗೆ. ಕೆಲಸ ಚಿಕ್ಕದು, ಆನೆಗೆ ಹಾಕುವ ಮೇವು ಚಿಕ್ಕದಲ್ಲ. ಇದೇ 40ರ ವೇಗದಲ್ಲಿ ಎರಡನೇ ಗೇರಿನಲ್ಲಿದ್ದರೆ ಎಂಜಿನ್ನು ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತಿರುತ್ತದೆ. ನಾಲ್ಕನೇ ಗೇರಿನಲ್ಲಿ ಅದು ಸುಮಾರು 1,500. ರಸ್ತೆಯ ಮೇಲೆ ನಡೆಯುವ ಕೆಲಸ ಎರಡೂ ಕಡೆ ಒಂದೇ. ಎರಡನೇ ಗೇರಿನಲ್ಲಿ ಘರ್ಷಣೆ ದುಪ್ಪಟ್ಟಿಗೂ ಹೆಚ್ಚು, ಗಾಳಿಯ ಬಾಗಿಲು ಮತ್ತಷ್ಟು ಮುಚ್ಚಿಕೊಂಡಿರುತ್ತದೆ. ನಾಲ್ಕನೇ ಗೇರಿನಲ್ಲಿ ಕಾಲು ತುಸು ಹೆಚ್ಚು ಒತ್ತಬೇಕಾಗುತ್ತದೆ, ಆದರೂ ಪೆಟ್ರೋಲ್ ಕಡಿಮೆ ಖರ್ಚಾಗುತ್ತದೆ. ಇಡೀ ವಿಷಯದ ತಿರುಳು ಇದು: ಕಾಲು ಎಷ್ಟು ಒತ್ತಿದೆ ಎಂಬುದೊಂದೇ ಖರ್ಚಿನ ಅಳತೆಯಾಗಲಾರದು, ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಒತ್ತಿದೆ ಎಂಬುದನ್ನೂ ಸೇರಿಸಿ ಕೇಳಬೇಕು.

ಎಂಜಿನಿಯರುಗಳು ಇದನ್ನು ಒಂದು ನಕ್ಷೆಯಲ್ಲಿ ತೋರಿಸುತ್ತಾರೆ. ಅಡ್ಡಲಾಗಿ ಆರ್‌ಪಿಎಂ, ನೆಟ್ಟಗೆ ಎಂಜಿನ್ನಿನ ಮೇಲಿನ ಹೊರೆ. ಒಂದೇ ದಕ್ಷತೆಯ ಬಿಂದುಗಳನ್ನು ಸೇರಿಸುತ್ತ ಹೋದರೆ ಒಂದರೊಳಗೊಂದು ಗೆರೆಗಳು ಮೂಡುತ್ತವೆ. ಜರ್ಮನರು ಈ ನಕ್ಷೆಗೆ ಕಪ್ಪೆಚಿಪ್ಪಿನ ಹೆಸರಿಟ್ಟಿದ್ದಾರೆ. ಆಕಾರ ಹಾಗೆಯೇ ಇರುತ್ತದೆ. ಚಿಪ್ಪಿನ ನಡುಭಾಗ ಅತಿ ಮಿತವ್ಯಯದ ಜಾಗ. ಅದು ಮಧ್ಯಮಕ್ಕಿಂತ ಕೆಳಗಿನ ಆರ್‌ಪಿಎಂನಲ್ಲಿ, ಮುಕ್ಕಾಲು ಭಾಗ ಹೊರೆಯ ಆಸುಪಾಸಿನಲ್ಲಿ ಸಿಗುತ್ತದೆ. ಅಲ್ಲಿ ಸಾಮಾನ್ಯ ಪೆಟ್ರೋಲ್ ಎಂಜಿನ್ನು ಇಂಧನದ ಶಾಖದಲ್ಲಿ ಮೂರನೇ ಒಂದು ಭಾಗದಷ್ಟನ್ನು ಕೆಲಸವಾಗಿಸುತ್ತದೆ. ಪೇಟೆಯ ಹಗುರ ಓಟದಲ್ಲಿ ಈ ಪಾಲು ಅದರ ಅರ್ಧಕ್ಕೆ ಇಳಿಯುತ್ತದೆ. ನಿಂತಲ್ಲೇ ಎಂಜಿನ್ನು ಗುರುಗುಟ್ಟುತ್ತಿರುವಾಗ ದಕ್ಷತೆ ಸೊನ್ನೆ.

ಹಾಗೆಂದು ಗೇರನ್ನು ಮೇಲಕ್ಕೆ ತಳ್ಳುತ್ತಲೇ ಹೋಗುವಂತಿಲ್ಲ. ಹಲಸೂರು ಕೆರೆಯ ಕಡೆಯಿಂದ ಎಂ.ಜಿ. ರಸ್ತೆಯ ದಿಣ್ಣೆಗೆ ಹತ್ತುವಾಗ ನಾಲ್ಕನೇ ಗೇರಿನಲ್ಲೇ 25ರ ವೇಗಕ್ಕೆ ಇಳಿದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗಾಡಿ ನಡುಗುತ್ತದೆ, ಒಳಗೆ ಗೋಲಿ ಉರುಳಿಸಿದಂತೆ ಟಕಟಕ ಸದ್ದು ಬರುತ್ತದೆ. ಎಂಜಿನ್ ನಾಕ್ ಆಗುವುದು ಎಂದರೆ ಇದೇ. ಹೊಸ ಗಾಡಿಗಳಲ್ಲಿ ಕಂಪ್ಯೂಟರು ಈ ಸದ್ದನ್ನು ಗುರುತಿಸಿ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ. ಎಂಜಿನ್ನು ಉಳಿಯುತ್ತದೆ, ದಕ್ಷತೆ ಹೋಗುತ್ತದೆ. ಆಕ್ಸಿಲರೇಟರ್ ತಳಮುಟ್ಟ ಒತ್ತಿದಾಗ ಬಹುಪಾಲು ಎಂಜಿನ್ನುಗಳು ಶಕ್ತಿಗಾಗಿ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನೂ ಬೆರೆಸುತ್ತವೆ. ಏರಿನಲ್ಲಿ ಒಂದು ಗೇರ್ ಇಳಿಸುವುದು ದುಂದಲ್ಲ. ಸಮತಟ್ಟಿನಲ್ಲಿ ಪೆಟ್ರೋಲ್ ಕಾರಿಗೆ 2,000ದಿಂದ 2,500 ಆರ್‌ಪಿಎಂ ನಡುವೆ, ಡೀಸೆಲ್ ಕಾರಿಗೆ 2,000ಕ್ಕಿಂತ ಮೊದಲೇ ಗೇರ್ ಏರಿಸುವುದು ಒಳ್ಳೆಯ ರೂಢಿ. ಆ ಮಿತಿಯೊಳಗೆ ಆಕ್ಸಿಲರೇಟರನ್ನು ಹೆದರದೆ ಅರ್ಧಕ್ಕಿಂತ ಹೆಚ್ಚು ಒತ್ತಿ ಬೇಗ ಮೇಲಿನ ಗೇರಿಗೆ ಹೋಗುವುದು, ಕೆಳ ಗೇರಿನಲ್ಲಿ ಅಳೆದು ಸುರಿದು ನಿಧಾನವಾಗಿ ವೇಗ ಏರಿಸುವುದಕ್ಕಿಂತ ಉತ್ತಮ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ. 8ರಷ್ಟು ತೆಳು. ಪೂರ್ತಿ ಒತ್ತಿದಾಗ ಗಾಡಿಯ ಎಳೆತ ಅಷ್ಟು ಕಡಿಮೆ. ಆದರೆ ಹಗುರ ಓಟದಲ್ಲಿ ಅದೇ ಪ್ರಮಾಣದ ಗಾಳಿಗಾಗಿ ಬಾಗಿಲು ಹೆಚ್ಚು ತೆರೆಯಬೇಕಾದ್ದರಿಂದ ಉಸಿರೆಳೆಯುವ ನಷ್ಟ ತುಸು ತಗ್ಗುತ್ತದೆ.

ನ್ಯೂಟ್ರಲ್ ಎಂಬ ಹಳೆಯ ಬುದ್ಧಿಮಾತು

ಸಿಗ್ನಲ್ ಕಾಣುತ್ತಲೇ ನ್ಯೂಟ್ರಲ್ ಮಾಡಿ ಗಾಡಿಯನ್ನು ತೇಲಿಬಿಡಬೇಕು ಎಂದು ಹಿರಿಯರು ಹೇಳಿಕೊಟ್ಟದ್ದನ್ನು ಬೆಂಗಳೂರಿನ ಅಸಂಖ್ಯ ಚಾಲಕರು ಇಂದಿಗೂ ಪಾಲಿಸುತ್ತಾರೆ. ಅವರು ಸುಳ್ಳು ಹೇಳಿಕೊಡಲಿಲ್ಲ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ, ಬಜಾಜ್ ಚೇತಕ್, ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಎಲ್ಲವೂ ಕಾರ್ಬ್ಯುರೇಟರ್ ಗಾಡಿಗಳು. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಉರುಳುವಾಗ ಎಂಜಿನ್ನು ಚಕ್ರದ ಒತ್ತಾಯಕ್ಕೆ ಜೋರಾಗಿ ತಿರುಗುತ್ತಿರುತ್ತದೆ. ಆ ಸೆಳೆತಕ್ಕೆ ಕಾರ್ಬ್ಯುರೇಟರಿನ ಸಣ್ಣ ಜೆಟ್ಟಿನಿಂದ ಪೆಟ್ರೋಲ್ ಒಸರುತ್ತಲೇ ಇರುತ್ತದೆ, ಕೆಲಸಕ್ಕೆ ಬಾರದೆ ಹೊರಗೆ ಹೋಗುತ್ತದೆ. ನ್ಯೂಟ್ರಲ್ ಮಾಡಿದರೆ ಆರ್‌ಪಿಎಂ ಇಳಿದು ಒಸರುವಿಕೆಯೂ ಇಳಿಯುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಂತೂ ಒಳಗೆ ಬಂದ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಸೈಲೆನ್ಸರಿನ ದಾರಿ ಹಿಡಿಯುತ್ತಿತ್ತು. 1985ರಲ್ಲಿ ಫೋರ್ ಸ್ಟ್ರೋಕ್ ಹೀರೊ ಹೋಂಡಾ ಸಿಡಿ 100 ಬಂದಾಗ ಮಧ್ಯಮವರ್ಗದ ಮನೆಗಳಲ್ಲಿ ಮೈಲೇಜ್ ಮಾತು ಮದುವೆಮಾತಿನಷ್ಟೇ ಗಂಭೀರವಾದದ್ದು ಇದೇ ಹಿನ್ನೆಲೆಯಲ್ಲಿ.

ಇಂಜೆಕ್ಷನ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಆರ್‌ಪಿಎಂ ಒಂದು ಮಿತಿಗಿಂತ ಮೇಲಿದ್ದರೆ, ಕಂಪ್ಯೂಟರು ಇಂಜೆಕ್ಟರುಗಳನ್ನು ಸಂಪೂರ್ಣ ಮುಚ್ಚುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಪೆಟ್ರೋಲ್ ಒಂದು ಹನಿಯೂ ಹೋಗುವುದಿಲ್ಲ. ನ್ಯೂಟ್ರಲ್ ಮಾಡಿದ ಕೂಡಲೇ ಎಂಜಿನ್ನು ತನ್ನ ಕಾಲ ಮೇಲೆ ನಿಲ್ಲಬೇಕಾಗಿ ಪೆಟ್ರೋಲ್ ಕುಡಿಯತೊಡಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಕಡ್ಡಾಯವಾದಾಗ ಪೆಟ್ರೋಲ್ ಕಾರುಗಳಲ್ಲಿ ಮೊದಲೇ ನೆಲೆಯೂರಿದ್ದ ಇಂಜೆಕ್ಷನ್ ದ್ವಿಚಕ್ರ ವಾಹನಗಳಿಗೂ ವ್ಯಾಪಕವಾಗಿ ಬಂತು. ಹಾಗಾಗಿ ಓಲ್ಡ್ ಮದ್ರಾಸ್ ರಸ್ತೆಯಲ್ಲಿ ದೂರದಲ್ಲಿ ಕೆಂಪು ದೀಪ ಕಂಡಾಗ ಇಂದಿನ ಗಾಡಿಗೆ ಸರಿಯಾದ ಕ್ರಮ ಆಕ್ಸಿಲರೇಟರನ್ನು ಬೇಗ ಬಿಟ್ಟು, ಗೇರಿನಲ್ಲೇ ಉರುಳಲು ಬಿಟ್ಟು, ಕೊನೆಯಲ್ಲಿ ಕ್ಲಚ್ ಹಿಡಿಯುವುದು. ಬ್ರೇಕಿಗೂ ಎಂಜಿನ್ನಿನ ಹಿಡಿತದ ನೆರವು ಸಿಗುತ್ತದೆ. ದೀಪ ಅಷ್ಟರಲ್ಲೇ ಹಸಿರಾದರೆ ಗಾಡಿ ನಿಲ್ಲದೆಯೇ ದಾಟುತ್ತದೆ. ಆಗ ಉಳಿಯುವುದು ಇನ್ನೂ ಹೆಚ್ಚು.

ಆ ಹೆಚ್ಚು ಎಷ್ಟು? 40ರ ವೇಗದಲ್ಲಿರುವ 1,000 ಕೆ.ಜಿ. ಕಾರಿನ ಚಲನಶಕ್ತಿ ಸುಮಾರು 62 ಕಿಲೋಜೂಲ್. ಟ್ಯಾಂಕಿನ ಪೆಟ್ರೋಲಿನಲ್ಲಿ ಐದನೇ ಒಂದು ಭಾಗ ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿದರೂ ಅಷ್ಟು ಶಕ್ತಿಗೆ 10 ಮಿ.ಲೀ. ಪೆಟ್ರೋಲ್ ಬೇಕು. ಬ್ರೇಕ್ ಹಾಕಿ ನಿಂತಾಗ ಅದೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. 100 ಸಲ ನಿಂತು ಹೊರಟರೆ 1 ಲೀಟರ್. ಸವಾರನೂ ಸೇರಿ 180 ಕೆ.ಜಿ. ತೂಗುವ ಸ್ಕೂಟರಿಗೆ ಇದು ಸಲಕ್ಕೆ 2 ಮಿ.ಲೀ.ಗಿಂತ ಕಡಿಮೆ. ಜನ ತುಂಬಿದ 15 ಟನ್ನಿನ ಬಸ್ಸಿಗೆ ಒಂದು ನಿಲುಗಡೆಗೆ ಸುಮಾರು 85 ಮಿ.ಲೀ. ಡೀಸೆಲ್, ಹೆಚ್ಚುಕಡಿಮೆ ಒಂದು ಬೈಟು ಕಾಫಿಯಷ್ಟು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500-ಡಿ ಬಸ್ಸು ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆಯ ಸುತ್ತ ಎಷ್ಟು ಸಲ ನಿಲ್ಲುತ್ತದೆ ಎಂಬುದನ್ನು ಒಳಗೆ ನಿಂತು ಎಣಿಸಿದವರು ಈ ಗುಣಾಕಾರವನ್ನು ತಾವೇ ಮಾಡಬಹುದು.

ಗೇರಿಲ್ಲದ ಸ್ಕೂಟರಿನ ಗೇರ್

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲುವ ಗಾಡಿಗಳಲ್ಲಿ ಗೇರಿಲ್ಲದ ಸ್ಕೂಟರುಗಳೇ ಹೆಚ್ಚು. ಅವುಗಳ ಸವಾರರಿಗೆ ಗೇರಿನ ಪ್ರಶ್ನೆಯೇ ಇಲ್ಲ ಎಂದು ತಿಳಿಯುವುದು ತಪ್ಪು. ಅಲ್ಲಿ ಎರಡು ರಾಟೆಗಳ ನಡುವೆ ಒಂದು ಬೆಲ್ಟು ಓಡುತ್ತದೆ. ಎಂಜಿನ್ ಕಡೆಯ ರಾಟೆಯೊಳಗಿನ ಉರುಳೆಗಳು ಆರ್‌ಪಿಎಂ ಏರಿದಂತೆ ಹೊರಕ್ಕೆ ಸರಿದು ರಾಟೆಯ ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ. ಬೆಲ್ಟು ಮೇಲೇರಿ ದೊಡ್ಡ ಸುತ್ತು ಹಿಡಿಯುತ್ತದೆ. ಅದೇ ಮೇಲಿನ ಗೇರ್. ಹಿಂದಿನ ರಾಟೆಯ ಸ್ಪ್ರಿಂಗು ಇದನ್ನು ತಡೆಯುತ್ತಿರುತ್ತದೆ. ಆಕ್ಸಿಲರೇಟರನ್ನು ಒಮ್ಮೆಲೇ ತಿರುಚಿದರೆ ಹೊರೆ ಹೆಚ್ಚಾಗಿ ಬೆಲ್ಟು ಕೆಳಗೇ ಉಳಿಯುತ್ತದೆ, ಎಂಜಿನ್ನು ಅರಚುತ್ತದೆ, ಗಾಡಿ ಆಮೇಲೆ ವೇಗ ಹಿಡಿಯುತ್ತದೆ. ಹದವಾಗಿ ತಿರುಗಿಸಿದರೆ ಬೆಲ್ಟು ಬೇಗ ಮೇಲೇರುತ್ತದೆ. ಬೇಕಾದ ವೇಗ ಬಂದ ಮೇಲೆ ಕೈಯನ್ನು ತುಸು ಸಡಿಲಿಸಿದರೆ ಅದು ಗೇರ್ ಏರಿಸಿದ ಹಾಗೆಯೇ. ಸ್ಕೂಟರಿನಲ್ಲಿ ಗೇರ್ ಲಿವರ್ ಮಣಿಕಟ್ಟಿನೊಳಗಿದೆ ಎನ್ನಬಹುದು.

ಇಲ್ಲಿ ಇನ್ನೊಂದು ನಷ್ಟವಿದೆ, ಅದು ಈ ಬೀದಿಗೇ ಹೇಳಿ ಮಾಡಿಸಿದ್ದು. ಸ್ಕೂಟರಿನ ಕ್ಲಚ್ಚು ಒಂದು ಆರ್‌ಪಿಎಂ ದಾಟಿದ ಮೇಲಷ್ಟೇ ಹಿಡಿಯುವಂಥದ್ದು. ಮುಂದಿರುವವರ ಬೆನ್ನಿಗೆ ಅಂಟಿಕೊಂಡು ನಡಿಗೆಯ ವೇಗದಲ್ಲಿ ಸರಿಯುವಾಗ ಅದು ಅರೆಬರೆ ಹಿಡಿದು ಜಾರುತ್ತಿರುತ್ತದೆ. ಶಕ್ತಿ ಉಜ್ಜಾಟದಲ್ಲಿ ಬಿಸಿಯಾಗುತ್ತದೆ. ಕಾರಿನಲ್ಲಿ ಹಾಫ್ ಕ್ಲಚ್ ಮಾಡುವವರಿಗೂ ಇದೇ ಗತಿ. ಮೂಗಿಗೆ ಬಡಿಯುವ ಕ್ಲಚ್ ಪ್ಲೇಟಿನ ವಾಸನೆಯಲ್ಲಿ ಪೆಟ್ರೋಲಿನ ಪಾಲೂ ಇದೆ. ಕಾರಿಗೆ ಮದ್ದಿದೆ: ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಇದ್ದರೆ ಸಣ್ಣ ಕಾರು ತಾನಾಗಿ ಗಂಟೆಗೆ ಸುಮಾರು 6 ಕಿ.ಮೀ. ವೇಗದಲ್ಲಿ ಸರಿಯುತ್ತದೆ. ಬಿರುಸಾಗಿ ನಡೆಯುವವರ ವೇಗವೂ ಹೆಚ್ಚುಕಡಿಮೆ ಅದೇ. ಮುಂದೆ ಒಂದೆರಡು ಗಾಡಿಯಷ್ಟು ಜಾಗ ಬಿಟ್ಟುಕೊಂಡು ಹೀಗೆ ಸರಿದರೆ ನಿಂತು ಹೊರಡುವ ಖರ್ಚು ತಪ್ಪುತ್ತದೆ. ಸ್ಕೂಟರಿಗಾದರೆ ನಿಂತು ಜಾಗವಾದ ಮೇಲೆ ಒಮ್ಮೆಗೇ ಹೋಗುವುದು ಲೇಸು. ಆಟೊದವರು ಸಾಲಿನಲ್ಲಿ ಎಂಜಿನ್ ಆಫ್ ಮಾಡಿ ಕಾಲಿನಿಂದ ನೆಲ ಒದ್ದು ಮುಂದೆ ಸರಿಸುವುದನ್ನು ಶಿವಾಜಿನಗರ ಬಸ್ ನಿಲ್ದಾಣದ ಬಳಿ ನೋಡಬಹುದು. ಇಂಧನದ ಬೆಲೆ ದಿನದ ದುಡಿಮೆಯಿಂದ ನೇರವಾಗಿ ಕಳೆಯುವವರಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಡೀಸೆಲ್ ಮತ್ತು ಡಿಪೋ

ಡೀಸೆಲ್ ಎಂಜಿನ್ನಿನ ಸ್ವಭಾವ ಬೇರೆ. ಅಲ್ಲಿ ಸಾಮಾನ್ಯವಾಗಿ ಗಾಳಿಗೆ ತಡೆ ಇಲ್ಲ. ಆಕ್ಸಿಲರೇಟರ್ ಹೇಳುವುದು ಎಷ್ಟು ಡೀಸೆಲ್ ಚಿಮ್ಮಿಸಬೇಕು ಎಂಬುದನ್ನು. ಹಗುರ ಹೊರೆಯಲ್ಲಿ ಅದು ಪೆಟ್ರೋಲಿನಷ್ಟು ಸೋಲುವುದಿಲ್ಲ, ಗೇರ್ ತಪ್ಪಿನ ದಂಡವೂ ತುಸು ಕಡಿಮೆ. ಆ ಚಿಮ್ಮಿಸುವ ಪಂಪನ್ನು ದೇಶಕ್ಕೆಲ್ಲ ಮಾಡಿಕೊಟ್ಟ ಊರು ಬೆಂಗಳೂರೇ. 1951ರಲ್ಲಿ ಜರ್ಮನಿಯ ಬಾಷ್ ಸಹಯೋಗದಿಂದ ಸ್ಥಾಪನೆಯಾದ ಮೈಕೋ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ತಯಾರಿಸಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಬಡಾವಣೆಯ ಹೆಸರಿನಲ್ಲಿ ಮೈಕೋ ಇಂದಿಗೂ ಉಳಿದಿದೆ.

ಬಸ್ಸು, ಲಾರಿಗಳ ಆರ್‌ಪಿಎಂ ಮೀಟರಿನಲ್ಲಿ ಹಸಿರು ಪಟ್ಟಿಯೊಂದಿರುತ್ತದೆ. ಮುಳ್ಳು ಅದರೊಳಗಿರುವಂತೆ ಗೇರ್ ಬದಲಿಸಬೇಕು ಎಂಬುದು ಚಾಲಕರ ತರಬೇತಿಯ ಮೊದಲ ಪಾಠಗಳಲ್ಲೊಂದು. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಬಿಎಂಟಿಸಿಯಲ್ಲೂ ಕೆಎಂಪಿಎಲ್ ಎಂಬುದು ಡಿಪೋದ ದಿನನಿತ್ಯದ ಲೆಕ್ಕ. 1978ರಿಂದಿರುವ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಅಂದರೆ ಪಿಸಿಆರ್‌ಎ, ಗಂಟೆಗೆ 45ರಿಂದ 55 ಕಿ.ಮೀ. ವೇಗ ಮಿತವ್ಯಯದ್ದೆಂದು ಪ್ರಚಾರ ಮಾಡುತ್ತ ಬಂದಿದೆ. ಹೆದ್ದಾರಿಗೆ ಅದು ಸರಿಯಾದ ಮಾತು: 60ರಿಂದ 80ಕ್ಕೆ ಏರಿದರೆ ಗಾಳಿಯ ಎದುರೊತ್ತು ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ. ಆದರೆ ಡಿಪೋದಲ್ಲಿ ಒಬ್ಬ ಚಾಲಕನ ಕೆಎಂಪಿಎಲ್ ಅನ್ನು ಮತ್ತೊಬ್ಬನದರ ಜೊತೆ ಹೋಲಿಸುವಾಗ ಅವರಿಬ್ಬರೂ ಒಂದೇ ಮಾರ್ಗದವರೇ ಎಂದು ನೋಡುವುದು ನ್ಯಾಯ. ಬಲಗಾಲಿನ ಜಾಣ್ಮೆ ಎಷ್ಟಿದ್ದರೂ ಶಿವಾಜಿನಗರದ ಸಂಜೆಯ ದಟ್ಟಣೆಯನ್ನು ಅದು ಕರಗಿಸಲಾರದು.

ನಿಂತ ಎಂಜಿನ್ನು, ತಣ್ಣನೆಯ ಎಂಜಿನ್ನು

ಸಣ್ಣ ಪೆಟ್ರೋಲ್ ಕಾರು ನಿಂತಲ್ಲೇ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಕುಡಿಯುತ್ತದೆ, ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಸ್ಕೂಟರಿನದು ಇದರ ಕಾಲು ಭಾಗಕ್ಕೂ ಕಡಿಮೆ. ಬಿಸಿಯಾದ ಇಂಜೆಕ್ಷನ್ ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಖರ್ಚು ಸುಮಾರು 10 ಸೆಕೆಂಡು ನಿಂತು ಉರಿಸುವ ಖರ್ಚಿಗೆ ಸಮ. ಸಿಗ್ನಲ್ಲಿನ ಎಣಿಕೆ ಅದಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಆಫ್ ಮಾಡುವುದೇ ಲಾಭ.

ಚಿಕ್ಕ ಓಟಗಳ ನಷ್ಟವನ್ನು ಜನ ಸಾಕಷ್ಟು ಗಮನಿಸಿಲ್ಲ. ಫ್ರೇಜರ್ ಟೌನಿನಿಂದಲೋ ಹಲಸೂರಿನಿಂದಲೋ ಕಮರ್ಷಿಯಲ್ ಸ್ಟ್ರೀಟಿಗೆ ಎರಡು ಮೂರು ಕಿಲೋಮೀಟರ್. ಡಿಸೆಂಬರಿನ ಬೆಳಿಗ್ಗೆ ಹೊರಟ ಎಂಜಿನ್ನು ಅಷ್ಟು ದೂರದಲ್ಲಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಆಯಿಲ್ ಗಟ್ಟಿಯಾಗಿರುತ್ತದೆ, ಕಂಪ್ಯೂಟರು ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ನಿಂತಲ್ಲೇ ರೇಸ್ ಕೊಟ್ಟು ಬಿಸಿ ಮಾಡುವುದು ಇದಕ್ಕೆ ಪರಿಹಾರವಲ್ಲ. ಚಾಲೂ ಮಾಡಿ ಕೂಡಲೇ ಹಗುರವಾಗಿ ಹೊರಡುವುದರಿಂದ ಎಂಜಿನ್ನು ಬೇಗ ಬಿಸಿಯಾಗುತ್ತದೆ. ಆಮೇಲೆ ಪಾರ್ಕಿಂಗ್ ಸಿಗದೆ ಕಾಮರಾಜ್ ರಸ್ತೆ, ಡಿಸ್ಪೆನ್ಸರಿ ರಸ್ತೆಗಳ ನಡುವೆ ಎ.ಸಿ. ಹಾಕಿಕೊಂಡು ಕಾಲು ಗಂಟೆ ಸುತ್ತಿದ ಕಾರು ಕಾಲು ಲೀಟರ್ ಪೆಟ್ರೋಲ್ ಸುಲಭವಾಗಿ ಮುಗಿಸಿರುತ್ತದೆ. ಸರಿಯಾದ ಗೇರಿನಿಂದ ಆ ಇಡೀ ಪಯಣದಲ್ಲಿ ಉಳಿಸಿದ್ದು ಅಷ್ಟಿರಲಾರದು.

ಈ ಸಂಕಟಗಳಲ್ಲಿ ಹಲವನ್ನು ಬ್ಯಾಟರಿ ಗಾಡಿಗಳು ಬುಡದಲ್ಲೇ ಕಳೆದಿವೆ. ನಿಂತಾಗ ಮೋಟರ್ ಏನನ್ನೂ ಉರಿಸುವುದಿಲ್ಲ, ಬ್ರೇಕಿನಲ್ಲಿ ಹೋಗುವ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. 2001ರಲ್ಲಿ ರೇವಾ ಕಾರು ಹೊರಬಂದದ್ದು ಬೆಂಗಳೂರಿನಿಂದ. 2018ರಲ್ಲಿ ಏಥರ್ ತನ್ನ ಸ್ಕೂಟರನ್ನು ಮೊದಲು ಮಾರಿದ್ದೂ ಇಲ್ಲೇ. ನಿಲ್ಲುತ್ತ ಹೊರಡುತ್ತ ಸಾಗುವ ಊರಿಗೆ ಇವು ಹೆದ್ದಾರಿಗಿಂತ ಹೆಚ್ಚು ಹೊಂದುತ್ತವೆ.

ಅಳತೆ

ಜಾಹೀರಾತಿನ ಮೈಲೇಜ್ ಪ್ರಯೋಗಶಾಲೆಯದು. ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗರಿಷ್ಠ 90 ಕಿ.ಮೀ. ವೇಗದ ಭಾರತೀಯ ಚಾಲನಾ ಚಕ್ರದಂತೆ ಓಡಿಸಿ ಅಳೆಯುತ್ತಾರೆ. ವೇಗ ಏರುವ ಹದ ನಯವಾದದ್ದು, ಯಾವ ವೇಗಕ್ಕೆ ಯಾವ ಗೇರ್ ಎಂಬುದೂ ನಿಗದಿಯಾದದ್ದು. ಗಾಡಿಗಳನ್ನು ಒಂದಕ್ಕೊಂದು ಹೋಲಿಸಲು ಆ ಸಂಖ್ಯೆ ಉಪಯುಕ್ತ, ಇಂದಿರಾನಗರದ 100 ಅಡಿ ರಸ್ತೆಯ ಶನಿವಾರ ಸಂಜೆಗೆ ಅದನ್ನು ಹಚ್ಚಲಾಗದು.

ಸ್ವಂತ ಗಾಡಿಯದನ್ನು ತಿಳಿಯಲು ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳಬೇಕು. ಮುನ್ನೂರು ಕಿಲೋಮೀಟರಾದರೂ ಓಡಿದ ಮೇಲೆ, ಸಾಧ್ಯವಾದರೆ ಅದೇ ಬಂಕಿನಲ್ಲಿ, ಮತ್ತೆ ಫುಲ್ ಮಾಡಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಬೇಕು. ಹಳೆಯ ದಿನಚರಿಯ ಸಂಖ್ಯೆಗಳ ಜೊತೆ ಹೋಲಿಸುವವರು ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಆ ಲೆಕ್ಕದಲ್ಲಿ ಇ20 ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ ಇರುತ್ತದೆ. ಗೇರ್ ಹಾಕುವ ರೀತಿ ಬದಲಾಗದಿದ್ದರೂ ಮೈಲೇಜ್ ಅಷ್ಟರ ಆಸುಪಾಸಿನಲ್ಲಿ ಇಳಿದಿದ್ದರೆ, ಅದನ್ನು ಮೆಕ್ಯಾನಿಕ್ಕಿನ ಲೆಕ್ಕಕ್ಕೂ ಚಾಲಕನ ಲೆಕ್ಕಕ್ಕೂ ಸೇರಿಸುವಂತಿಲ್ಲ.